ಎಲೆಯ ಅಚ್ಚು

ಚಿತ್ರವೊಂದರ ಮುಂದೆ ನಿಂತವನ ಮನಸ್ಸಿನಲ್ಲಿ ಮೊದಲು ಮೂಡುವ ಪ್ರಶ್ನೆ "ಇದು ಏನು?" ಎಂಬುದು. ಬೆಟ್ಟವಿದ್ದರೆ ಬೆಟ್ಟವೆಂದೂ ಹಕ್ಕಿಯಿದ್ದರೆ ಹಕ್ಕಿಯೆಂದೂ ಗುರುತಿಸಿದೊಡನೆ ಅವನಿಗೆ ಸಮಾಧಾನವಾಗುತ್ತದೆ. ಆದರೆ ಕೆಲವು ಚಿತ್ರಗಳು ಈ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಡುವುದಿಲ್ಲ. ಅಲ್ಲಿ ಬಣ್ಣಗಳ ಹರವು ಇರುತ್ತದೆ, ಬಾಗಿದ ಗೆರೆಗಳಿರುತ್ತವೆ, ಒಂದರ ಮೇಲೊಂದು ಬಿದ್ದ ಆಕಾರಗಳಿರುತ್ತವೆ; ಹೆಸರಿಟ್ಟು ಕರೆಯಬಹುದಾದ ವಸ್ತು ಮಾತ್ರ ಇರುವುದಿಲ್ಲ. ಇಂಥವನ್ನು ಅಮೂರ್ತ ಚಿತ್ರಗಳೆಂದು ಕರೆಯುತ್ತಾರೆ. ಇವುಗಳನ್ನು ಕಂಡ ಕೆಲವರು ಕಲಾವಿದನಿಗೆ ಚಿತ್ರ ಬರೆಯಲು ಬಾರದೆಂದು ನಗುತ್ತಾರೆ. ಮತ್ತೆ ಕೆಲವರು ತಮಗೇ ತಿಳಿವಳಿಕೆ ಸಾಲದೆಂದು ತಲೆತಗ್ಗಿಸಿ ಮುಂದೆ ಸಾಗುತ್ತಾರೆ. ಇಬ್ಬರಿಗೂ ಚಿತ್ರದ ಲಾಭ ದೊರೆಯುವುದಿಲ್ಲ. ಈ ತೊಡಕನ್ನು ಬಿಡಿಸಿಕೊಳ್ಳಲು ಜಪಾನ್ ದೇಶದ ಅಚ್ಚುಚಿತ್ರಗಳ ಚರಿತ್ರೆ ಬಹುಮಟ್ಟಿಗೆ ನೆರವಾಗುತ್ತದೆ.

ಮರದ ಹಲಗೆಯಲ್ಲಿ ಚಿತ್ರವನ್ನು ಕೆತ್ತಿ, ಅದಕ್ಕೆ ಬಣ್ಣ ಸವರಿ, ಕಾಗದವನ್ನು ಅದರ ಮೇಲಿಟ್ಟು ಒತ್ತಿ ತೆಗೆಯುವ ವಿದ್ಯೆ ಜಪಾನಿನಲ್ಲಿ ಬಹಳ ಕಾಲದಿಂದ ಬೆಳೆದು ಬಂದಿತ್ತು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಅದು ಅತ್ಯುನ್ನತ ಸ್ಥಿತಿಯನ್ನು ಮುಟ್ಟಿತು. ಅಂದಿನ ಅಚ್ಚುಚಿತ್ರ ಒಬ್ಬನ ಕೆಲಸವಾಗಿರಲಿಲ್ಲ. ಚಿತ್ರಕಾರನು ತೆಳುವಾದ ಕಾಗದದ ಮೇಲೆ ರೇಖೆಗಳನ್ನು ಬರೆದುಕೊಡುತ್ತಿದ್ದನು. ಕೆತ್ತನೆಗಾರನು ಆ ಕಾಗದವನ್ನು ಚೆರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ರೇಖೆಗಳನ್ನುಳಿದು ಮಿಕ್ಕ ಭಾಗವನ್ನೆಲ್ಲ ಉಳಿಯಿಂದ ತೆಗೆದುಹಾಕುತ್ತಿದ್ದನು. ಬೇರೆ ಬೇರೆ ಬಣ್ಣಗಳಿಗಾಗಿ ಬೇರೆ ಬೇರೆ ಹಲಗೆಗಳು ಸಿದ್ಧವಾಗುತ್ತಿದ್ದವು. ಅಚ್ಚೊತ್ತುವವನು ಕೊಜೊ ಎಂಬ ಗಿಡದ ತೊಗಟೆಯ ನಾರಿನಿಂದ ಮಾಡಿದ ಗಟ್ಟಿ ಕಾಗದವನ್ನು ಪ್ರತಿಯೊಂದು ಹಲಗೆಯ ಮೇಲೂ ಕೂದಲೆಳೆಯಷ್ಟೂ ಪಲ್ಲಟವಾಗದಂತೆ ಕೂರಿಸಿ, ಬಿದಿರಿನ ಪೊರೆ ಸುತ್ತಿದ ಚಪ್ಪಟೆಯಾದ ಬಿಲ್ಲೆಯಿಂದ ಅದರ ಬೆನ್ನನ್ನು ಉಜ್ಜುತ್ತಿದ್ದನು. ಈ ಬಿಲ್ಲೆಗೆ ಬಾರೆನ್ ಎಂದು ಹೆಸರು. ಇವರೆಲ್ಲರ ಶ್ರಮಕ್ಕೆ ಹಣ ಹೂಡಿ, ಚಿತ್ರಗಳನ್ನು ಮಾರುವವನು ಪ್ರಕಾಶಕನು. ಹೀಗೆ ನಾಲ್ವರ ಕೈ ಸೇರಿ ಒಂದು ಹಾಳೆ ಹೊರಬರುತ್ತಿತ್ತು.

ಈ ಪರಂಪರೆಯ ಮಹಾ ಕಲಾವಿದರಲ್ಲಿ ಕತ್ಸುಷಿಕ ಹೊಕುಸಾಯ್ ಒಬ್ಬನು. 1760ರಲ್ಲಿ ಹುಟ್ಟಿದ ಅವನು 1849ರವರೆಗೆ ಬಾಳಿದನು. ಸುಮಾರು ಎಪ್ಪತ್ತು ವರ್ಷದವನಾಗಿದ್ದಾಗ, 1830ರ ಆಸುಪಾಸಿನಲ್ಲಿ, ಅವನು ಫೂಜಿ ಪರ್ವತವನ್ನು ಕುರಿತ ಚಿತ್ರಮಾಲೆಯನ್ನು ತೊಡಗಿದನು. ಮೂವತ್ತಾರು ನೋಟಗಳೆಂದು ಅದಕ್ಕೆ ಹೆಸರಿದ್ದರೂ ಜನರ ಮೆಚ್ಚಿಗೆಯಿಂದಾಗಿ ಇನ್ನೂ ಹತ್ತು ಚಿತ್ರಗಳು ಸೇರಿ ಒಟ್ಟು ಸಂಖ್ಯೆ 46 ಆಯಿತು. ಅವುಗಳಲ್ಲಿ ಹಲವು ಚಿತ್ರಗಳಲ್ಲಿ ದೋಣಿ ನಡೆಸುವವರು, ಮರ ಕೊಯ್ಯುವವರು, ದಾರಿಹೋಕರು ಕಾಣುತ್ತಾರೆ. ಆದರೆ ಒಂದು ಚಿತ್ರದಲ್ಲಿ ಮನುಷ್ಯನ ಸುಳಿವೇ ಇಲ್ಲ. ತೆಂಕಣ ಗಾಳಿ ಬೀಸುವ ಶುಭ್ರವಾದ ಹೊತ್ತು ಎಂಬ ಅರ್ಥದ ಹೆಸರು ಅದಕ್ಕಿದೆ. ಜನರು ಅದನ್ನು ಕೆಂಪು ಫೂಜಿ ಎಂದೇ ಕರೆಯುತ್ತಾರೆ.

ಆ ಹಾಳೆಯನ್ನು ನಿಧಾನವಾಗಿ ನೋಡಬೇಕು. ಬಲಭಾಗದಲ್ಲಿ ಪರ್ವತ ಶಿಖರ ನಿಂತಿದೆ. ಅಲ್ಲಿಂದ ಎಡಕ್ಕೆ ಒಂದೇ ಒಂದು ಉದ್ದನೆಯ ರೇಖೆ ಇಳಿಯುತ್ತ ಹೋಗಿ ಹಾಳೆಯ ಅಂಚನ್ನು ಸೇರುತ್ತದೆ. ಪರ್ವತದ ಮೈ ಇಟ್ಟಿಗೆಯಂತೆ ಕೆಂಪು. ಬುಡದಲ್ಲಿ ಹಸಿರು ಹರವು. ಅದರ ಮೇಲೆ ಸಣ್ಣ ಸಣ್ಣ ಗುರುತುಗಳು. ಅವೇ ಕಾಡು. ತುದಿಯಲ್ಲಿ ಕಾಗದದ ಬಿಳುಪನ್ನು ಹಾಗೆಯೇ ಬಿಟ್ಟ ಕೆಲವು ಗೀರುಗಳಿವೆ. ಅವೇ ಕರಗದೆ ಉಳಿದ ಹಿಮ. ಹಿಂದೆ ನೀಲಿ ಆಕಾಶ. ಮೇಲೆ ಕಡುನೀಲಿಯಾಗಿ, ಕೆಳಗಿಳಿದಂತೆ ತಿಳಿಯಾಗಿ, ಬಿಳಿಯ ಮೋಡಗಳ ಸಾಲುಗಳಿಂದ ತುಂಬಿದೆ. ಐರೋಪ್ಯ ದೇಶಗಳಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ ಎಂಬ ಬಣ್ಣ ಆ ಕಾಲಕ್ಕೆ ಜಪಾನಿನಲ್ಲಿ ಸುಲಭ ಬೆಲೆಗೆ ದೊರೆಯತೊಡಗಿತ್ತು. ಈ ಚಿತ್ರಮಾಲೆಯ ನೀಲಿಗೆ ಅದೇ ಆಧಾರ.

ಫೂಜಿ ಪರ್ವತದ ಎತ್ತರ 3,776 ಮೀಟರು. ಅದರ ಮೈಮೇಲೆ ಕಲ್ಲುಗಳಿವೆ, ಕೊರಕಲುಗಳಿವೆ, ಹಾದಿಗಳಿವೆ. ಹೊಕುಸಾಯ್ ಇವೆಲ್ಲವನ್ನೂ ಬಿಟ್ಟನು. ಬೇಸಗೆ ಕಳೆದು ಶರತ್ಕಾಲ ಕಾಲಿಡುವ ದಿನಗಳಲ್ಲಿ, ಬೆಳಗಿನ ಬಿಸಿಲು ತಾಗಿದಾಗ, ಆ ಪರ್ವತವು ಸ್ವಲ್ಪ ಹೊತ್ತು ಕೆಂಪಗೆ ತೋರುವುದುಂಟು. ಅವನಿಗೆ ಬೇಕಾಗಿದ್ದುದು ಆ ಸ್ವಲ್ಪ ಹೊತ್ತು. ಅದನ್ನು ಉಳಿಸಿಕೊಳ್ಳುವುದಕ್ಕಾಗಿ ಮಿಕ್ಕದ್ದನ್ನು ಕಳೆದುಕೊಳ್ಳಲು ಅವನು ಸಿದ್ಧನಾದನು. ಹೆಸರನ್ನು ಮುಚ್ಚಿಟ್ಟು, ಪರ್ವತವೆಂಬುದನ್ನೂ ಮರೆತು ನೋಡಿದರೆ, ಆ ಹಾಳೆಯಲ್ಲಿ ಉಳಿಯುವುದು ಒಂದು ಕೆಂಪು ತ್ರಿಕೋನ, ಒಂದು ಹಸಿರು ಪಟ್ಟಿ, ಬಿಳಿ ಗೆರೆಗಳ ನೀಲಿ ಹರವು ಇಷ್ಟೇ. ಆದರೂ ಬೆಳಗಿನ ನಿಶ್ಚಲತೆ ಕಾಣೆಯಾಗುವುದಿಲ್ಲ. ಬಿಡುವುದರಿಂದಲೇ ಹೇಳುವ ಈ ಮಾರ್ಗವೇ ಮುಂದೆ ಅಮೂರ್ತ ಚಿತ್ರಕ್ಕೆ ದಾರಿಯಾಗುತ್ತದೆ. ಆ ದಾರಿಯಲ್ಲಿ ಹೊಕುಸಾಯ್ ಬಹುದೂರ ಬಂದಿದ್ದನು. ಆದರೆ ಪರ್ವತವನ್ನು ಅವನು ಕೈಬಿಡಲಿಲ್ಲ.

ಕಾಲ ಬದಲಾಯಿತು. 1868ರ ಅನಂತರ ಜಪಾನು ಪಾಶ್ಚಾತ್ಯ ವಿದ್ಯೆಗಳಿಗೆ ಬಾಗಿಲು ತೆರೆಯಿತು. ಛಾಯಾಚಿತ್ರವೂ ಕಲ್ಲಚ್ಚೂ ಬಂದುವು. ಮರದ ಅಚ್ಚಿಗೆ ಬೇಡಿಕೆ ಕುಗ್ಗಿತು. ಆಗ ಕೆಲವು ತರುಣರು ಹಳೆಯ ವಿದ್ಯೆಯನ್ನು ಹೊಸ ರೀತಿಯಲ್ಲಿ ಕೈಗೆತ್ತಿಕೊಂಡರು. 1904ರಲ್ಲಿ ಯಮಾಮೊಟೊ ಕನಾಯೆ ಎಂಬವನು ಬೆಸ್ತನೊಬ್ಬನ ಚಿತ್ರವನ್ನು ತಾನೇ ಬರೆದು, ತಾನೇ ಕೆತ್ತಿ, ತಾನೇ ಅಚ್ಚೊತ್ತಿದನು. ನಾಲ್ವರ ಕೆಲಸವನ್ನು ಒಬ್ಬನೇ ಮಾಡಿದ್ದರಲ್ಲಿ ಮಿತವ್ಯಯದ ಉದ್ದೇಶವಿರಲಿಲ್ಲ. ಉಳಿಯ ಒಂದೊಂದು ಏಟಿನಲ್ಲಿಯೂ ಕಲಾವಿದನ ಮನಸ್ಸೇ ಮೂಡಬೇಕೆಂಬುದು ಅವನ ಆಶಯವಾಗಿತ್ತು. ಈ ಪಂಥಕ್ಕೆ ಸೋಸಾಕು ಹಂಗ, ಎಂದರೆ ಸೃಜನಶೀಲ ಅಚ್ಚುಚಿತ್ರ, ಎಂಬ ಹೆಸರು ಬಂದಿತು.

ಈ ಪಂಥದಲ್ಲಿ ಅಮೂರ್ತ ಚಿತ್ರದ ಹೊಸ್ತಿಲನ್ನು ದಾಟಿದವನು ಒಂಚಿ ಕೋಶಿರೊ. ಅವನು 1891ರಲ್ಲಿ ಟೋಕಿಯೊ ನಗರದಲ್ಲಿ ಜನಿಸಿದನು. ಮಗನು ವೈದ್ಯನಾಗಬೇಕೆಂಬುದು ತಂದೆಯ ಇಚ್ಛೆ. ಮಗನ ಮನಸ್ಸು ಚಿತ್ರಕಲೆಯ ಕಡೆ ಒಲಿಯಿತು. ಟೋಕಿಯೊ ಲಲಿತಕಲಾ ಶಾಲೆಯಲ್ಲಿ ಅವನಿಗೆ ತನಾಕ ಕ್ಯೋಕಿಚಿ, ಫುಜಿಮೊರಿ ಶಿಜುವೊ ಎಂಬ ಇಬ್ಬರು ಗೆಳೆಯರು ದೊರೆತರು. ಮೂವರೂ ಇಪ್ಪತ್ತರ ಹರೆಯದವರು. ಮೂವರಿಗೂ ಕವಿತೆಯಲ್ಲಿ ಆಸಕ್ತಿ. 1914ರಲ್ಲಿ ಅವರು ತಮ್ಮ ಅಚ್ಚುಚಿತ್ರಗಳನ್ನೂ ಕವಿತೆಗಳನ್ನೂ ಒಳಗೊಂಡ ಪತ್ರಿಕೆಯೊಂದನ್ನು ಹೊರತಂದರು. ಅದರ ಹೆಸರು ತ್ಸುಕುಹಾಯೆ. ಚಂದ್ರನ ಹೊಳಪು ಎಂದು ಅದರ ಭಾವ. ಕೊಳ್ಳುವವರು ಬಹಳ ಮಂದಿ ಇರಲಿಲ್ಲ.

ಗೆಳೆತನದ ಈ ಕೆಲಸಕ್ಕೆ ಆರಂಭದಲ್ಲಿಯೇ ನೆರಳು ಬಿದ್ದಿತ್ತು. ತನಾಕನಿಗೆ ಕ್ಷಯರೋಗ ತಗುಲಿತ್ತು. ಆ ಕಾಲದಲ್ಲಿ ಆ ರೋಗಕ್ಕೆ ತಕ್ಕ ಔಷಧವಿರಲಿಲ್ಲ. ಅವನು ಟೋಕಿಯೊವನ್ನು ಬಿಟ್ಟು ತನ್ನ ಹುಟ್ಟೂರಾದ ವಕಾಯಾಮಕ್ಕೆ ಹಿಂದಿರುಗಿದನು. ಗಟ್ಟಿಮರವನ್ನು ಕೆತ್ತಲು ತೋಳಿನಲ್ಲಿ ಬಲ ಬೇಕು; ಆ ಬಲ ದಿನದಿನಕ್ಕೆ ಇಳಿಯುತ್ತಿತ್ತು. 1915ರ ಅಕ್ಟೋಬರ್ ತಿಂಗಳಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ತನಾಕ ತೀರಿಕೊಂಡನು. ಅದರ ಮರುತಿಂಗಳಿನಲ್ಲಿ ಬಂದ ಏಳನೆಯ ಸಂಚಿಕೆಯೊಂದಿಗೆ ಪತ್ರಿಕೆಯೂ ನಿಂತಿತು.

ಒಂಚಿ ಅದೇ 1915ರಲ್ಲಿ ಒಂದು ಅಚ್ಚುಚಿತ್ರವನ್ನು ರಚಿಸಿದನು. ಅದರಲ್ಲಿ ಗಿಡವಿಲ್ಲ, ಬೆಟ್ಟವಿಲ್ಲ, ಮನುಷ್ಯನ ಮುಖವಿಲ್ಲ. ರೇಖೆ, ಆಕಾರ, ವರ್ಣಗಳ ಹೊಂದಾಣಿಕೆ ಮಾತ್ರ ಇದೆ. ಅದಕ್ಕೆ ಅವನಿಟ್ಟ ಹೆಸರು 'ಬೆಳಕಿನ ಹೊತ್ತು'. ಜಪಾನಿನ ಮೊಟ್ಟಮೊದಲ ಅಮೂರ್ತ ಕೃತಿಗಳ ಸಾಲಿನಲ್ಲಿ ವಿದ್ವಾಂಸರು ಇದನ್ನು ಇರಿಸುತ್ತಾರೆ. ಇಂಥ ಕೃತಿಗಳನ್ನು ಅವನು ಭಾವಗೀತೆಯೆಂಬ ಅರ್ಥದ ಹೆಸರಿನಿಂದ ಕರೆದನು. ಭಾವಗೀತೆಗೆ ಕಥೆ ಬೇಕಾಗಿಲ್ಲ. ಕೊಳಲಿನ ಸ್ವರ ಯಾವ ವಸ್ತುವಿನ ಚಿತ್ರವೂ ಅಲ್ಲ. ಆದರೂ ಅವು ಕೇಳುವವನ ಎದೆಯನ್ನು ತಟ್ಟುತ್ತವೆ. ಬಣ್ಣ ಮತ್ತು ರೇಖೆಗಳಿಗೂ ಆ ಶಕ್ತಿಯುಂಟೆಂದು ಅವನು ನಂಬಿದನು.

ಅರ್ಥೈಸುವವನು ಇಲ್ಲಿ ಬಹಳ ಎಚ್ಚರದಿಂದಿರಬೇಕು. ಪ್ರಿಯ ಮಿತ್ರನು ಸಾವಿನ ಕಡೆ ಸಾಗುತ್ತಿದ್ದ ವರ್ಷದಲ್ಲಿ ಬೆಳಕಿನ ಹೆಸರುಳ್ಳ ಚಿತ್ರ ಹುಟ್ಟಿದೆ. ಈ ಸಂಗತಿಯನ್ನು ತಿಳಿದವನು ಚಿತ್ರದ ಒಂದೊಂದು ಆಕಾರಕ್ಕೂ ಒಂದೊಂದು ಅರ್ಥವನ್ನು ಹಚ್ಚಲು ಆತುರಪಡುತ್ತಾನೆ. ಇದು ಮಿತ್ರನ ಪ್ರಾಣ, ಇದು ರೋಗ, ಇದು ಆಸೆ ಎಂದು ಪಟ್ಟಿ ಮಾಡುತ್ತಾನೆ. ಹಾಗೆ ಮಾಡಿದರೆ ಚಿತ್ರವು ಒಗಟಾಗುತ್ತದೆ. ಒಗಟು ಬಿಡಿಸಿದ ಮೇಲೆ ಅದನ್ನು ಮತ್ತೆ ನೋಡುವ ಅಗತ್ಯವೇ ಉಳಿಯುವುದಿಲ್ಲ. ಇನ್ನೊಬ್ಬನು ಅಮೂರ್ತ ಚಿತ್ರಕ್ಕೆ ಯಾರು ಏನು ಅರ್ಥ ಹೇಳಿದರೂ ಸರಿಯೇ ಎನ್ನುತ್ತಾನೆ. ಅವನ ಮಾತಿನಂತೆ ನಡೆದರೆ ಚಿತ್ರಕ್ಕೂ ಖಾಲಿ ಗೋಡೆಗೂ ಭೇದವಿರುವುದಿಲ್ಲ. ಈ ಎರಡು ತಪ್ಪುಗಳ ನಡುವೆ ಒಂದು ನೇರವಾದ ದಾರಿಯುಂಟು.

ಮೊದಲು ಕಣ್ಣಿಗೆ ಕೆಲಸ ಕೊಡಬೇಕು. ದೃಷ್ಟಿ ಹಾಳೆಯ ಯಾವ ಮೂಲೆಯಿಂದ ಒಳಹೊಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಬರುತ್ತದೆ ಎಂಬುದನ್ನು ಗಮನಿಸಬೇಕು. ಯಾವ ಆಕಾರ ಭಾರವಾಗಿ ಕೆಳಗೆ ಕುಳಿತಿದೆ, ಯಾವುದು ಹಗುರವಾಗಿ ಮೇಲೇಳುತ್ತಿದೆ ಎಂಬುದನ್ನು ಕಾಣಬೇಕು. ಎರಡನೆಯದಾಗಿ, ಕಲಾವಿದನ ಕೈಯನ್ನು ಹುಡುಕಬೇಕು. ಈ ಅಂಚು ಉಳಿಯಿಂದ ಕತ್ತರಿಸಿದ್ದೋ, ಕಾಗದದ ತುಂಡಿನಿಂದ ಆದದ್ದೋ? ಮರದ ನಾರಿನ ಗುರುತು ಬಣ್ಣದಲ್ಲಿ ತೋರುತ್ತಿದೆಯೋ? ಒಂದು ಬಣ್ಣದ ಮೇಲೆ ಇನ್ನೊಂದು ಬಿದ್ದಲ್ಲಿ ಏನಾಗಿದೆ? ಇವೆರಡನ್ನೂ ಮುಗಿಸಿದ ಮೇಲೆಯೇ ಚಿತ್ರದ ಹೆಸರನ್ನೂ ಅದು ಹುಟ್ಟಿದ ಸಂದರ್ಭವನ್ನೂ ನೆನೆಯಬೇಕು. ಕೊನೆಗೆ ಯಾವ ಅರ್ಥವನ್ನು ಹೇಳಿದರೂ, ಅದಕ್ಕೆ ಆಧಾರವಾದ ಜಾಗವನ್ನು ಹಾಳೆಯ ಮೇಲೆ ಬೆರಳಿಟ್ಟು ತೋರಿಸಲು ಸಾಧ್ಯವಾಗಬೇಕು. ತೋರಿಸಲಾಗದ ಅರ್ಥ ನೋಡುಗನದಾಗಬಹುದು, ಚಿತ್ರದ್ದಾಗಲಾರದು.

ಒಂಚಿಗೆ ಮನುಷ್ಯನ ರೂಪವನ್ನು ಬರೆಯಲು ಬಾರದೆ ಅಮೂರ್ತದ ಮರೆಹೊಕ್ಕನೆಂದು ಯಾರೂ ತಿಳಿಯಬೇಕಾಗಿಲ್ಲ. ಹಾಗಿವಾರ ಸಾಕುತಾರೊ ಎಂಬ ಹೆಸರಾಂತ ಕವಿಯ ಮೊದಲ ಕವನಸಂಕಲನಕ್ಕೆ ಚಿತ್ರ ಬರೆಯಬೇಕಾಗಿದ್ದವನು ತನಾಕ. ಅವನು ತೀರಿಕೊಂಡುದರಿಂದ ಅವನು ಬಿಟ್ಟುಹೋದ ಚಿತ್ರಗಳೊಂದಿಗೆ ತನ್ನವನ್ನೂ ಸೇರಿಸಿ ಒಂಚಿ ಆ ಕೆಲಸವನ್ನು ಪೂರೈಸಿದನು. 1917ರಲ್ಲಿ ಪುಸ್ತಕ ಬೆಳಕು ಕಂಡಿತು. 1942ರಲ್ಲಿ ಆ ಕವಿಯೂ ಮರಣ ಹೊಂದಿದನು. ಮರುವರ್ಷ ಒಂಚಿ ಅವನ ಮುಖವನ್ನು ಮರದಲ್ಲಿ ಕೆತ್ತಿದನು. ಸುಕ್ಕುಗಟ್ಟಿದ ಹಣೆ, ಕೆದರಿದ ಕೂದಲು, ನೊಂದ ದೃಷ್ಟಿ ಇವುಗಳಿಂದ ಕೂಡಿದ ಆ ಭಾವಚಿತ್ರ ಇಪ್ಪತ್ತನೆಯ ಶತಮಾನದ ಜಪಾನೀ ಅಚ್ಚುಚಿತ್ರಗಳಲ್ಲಿ ಶ್ರೇಷ್ಠವೆಂದು ಹೆಸರಾಗಿದೆ. ಮುಖವೇ ಮಾತನಾಡಬೇಕಾದಲ್ಲಿ ಅವನು ಮುಖವನ್ನು ಬರೆದನು. ಮುಖವೂ ಬೆಟ್ಟವೂ ಅಡ್ಡಬರುವಂಥ ಭಾವಗಳಿಗೆ ಬೇರೆ ದಾರಿಯನ್ನು ಹಿಡಿದನು.

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದ ಮೇಲೆ, ತನ್ನ ಬಾಳಿನ ಕೊನೆಯ ಹತ್ತು ವರ್ಷಗಳಲ್ಲಿ, ಒಂಚಿ ಮತ್ತೊಂದು ಹೆಜ್ಜೆ ಮುಂದೆ ಹೋದನು. ಮರದ ಹಲಗೆಯೊಂದೇ ಅಚ್ಚಾಗಬೇಕೆಂಬ ನಿಯಮವನ್ನು ಸಡಿಲಿಸಿದನು. ಕಾಗದದ ತುಂಡು, ದಾರ, ಬಟ್ಟೆ, ಎಲೆ, ಕೈಗೆ ಸಿಕ್ಕಿದ ಯಾವ ವಸ್ತುವಾದರೂ ಅವನಿಗೆ ಅಚ್ಚಾಯಿತು. ಅವುಗಳಿಗೆ ಬಣ್ಣ ಸವರಿ ಕಾಗದಕ್ಕೆ ಒತ್ತಿದನು. ಕವಿತೆ ಎಂಬ ಅರ್ಥದ ಹೆಸರಿನಿಂದ ಅವನು ರಚಿಸಿದ ಮಾಲಿಕೆಯೊಂದರಲ್ಲಿ, 1953ರ ಒಂದು ಚಿತ್ರಕ್ಕೆ 'ಎಲೆ ಮತ್ತು ಮೋಡಗಳು' ಎಂದು ಹೆಸರು. ಎಲೆ ಅಂಗೈಯಷ್ಟು, ಮೋಡ ಊರಿಗೂರನ್ನೇ ಮುಚ್ಚುವಂಥದು. ಎಲೆ ಕೈಗೆ ಸಿಗುತ್ತದೆ, ಮೋಡ ಸಿಗುವುದಿಲ್ಲ. ನಿಸರ್ಗದಲ್ಲಿ ಇಷ್ಟು ದೂರದಲ್ಲಿರುವ ಎರಡನ್ನು ಒಂದೇ ಹಾಳೆಯಲ್ಲಿ ನೆರೆಹೊರೆಯಾಗಿಸುವುದು ಕವಿಯ ಕೆಲಸ.

ಎಲೆಯನ್ನು ಒತ್ತಿದಾಗ ಏನಾಗುತ್ತದೆಂಬುದನ್ನು ಯೋಚಿಸಬೇಕು. ಎಲೆಯ ಹಸಿರು ಕಾಗದಕ್ಕೆ ಬರುವುದಿಲ್ಲ; ಸವರಿದ ಬಣ್ಣ ಬರುತ್ತದೆ. ಎಲೆಯ ವಾಸನೆ, ದಪ್ಪ, ಅಲುಗಾಟ ಯಾವುದೂ ಬರುವುದಿಲ್ಲ. ಆದರೆ ನಡುವಿನ ನರ, ಅದರಿಂದ ಕವಲೊಡೆದ ಸಣ್ಣ ನರಗಳು, ಅವುಗಳ ನಡುವಿನ ಬಲೆ, ಹುಳು ತಿಂದ ತೂತು ಇವೆಲ್ಲ ಕೂದಲೆಳೆಯಷ್ಟೂ ತಪ್ಪದೆ ಮೂಡುತ್ತವೆ. ಎಂಥ ನುರಿತ ಚಿತ್ರಕಾರನೂ ಕುಂಚದಿಂದ ಇಷ್ಟು ನಿಜವಾಗಿ ಎಲೆಯನ್ನು ಬರೆಯಲಾರನು. ಅದು ಎಲೆಯನ್ನು ನೋಡಿ ಮಾಡಿದ ಪ್ರತಿಕೃತಿಯಾಗಿರದೆ ಎಲೆಯೇ ಬಿಟ್ಟುಹೋದ ಗುರುತಾಗಿದೆ; ಒದ್ದೆ ಮಣ್ಣಿನಲ್ಲಿ ಹಕ್ಕಿಯ ಹೆಜ್ಜೆ ಉಳಿದಂತೆ. ಆದುದರಿಂದ ಅಮೂರ್ತ ಚಿತ್ರವು ನಿಸರ್ಗದಿಂದ ದೂರ ಸರಿದಿದೆಯೆಂಬ ಮಾತು ಪೂರ್ತಿ ನಿಜವಾಗಲಾರದು. ನಿಸರ್ಗದ ತೋರಿಕೆಯಿಂದ ಅದು ದೂರ ಸರಿದಿರಬಹುದು. ನಿಸರ್ಗದ ಸ್ಪರ್ಶಕ್ಕೆ ಮಾತ್ರ ಹೆಚ್ಚು ಹತ್ತಿರ ಬಂದಿದೆ.

ಇಲ್ಲಿಂದ ಹಿಂದಿರುಗಿ ಕೆಂಪು ಫೂಜಿಯನ್ನು ನೋಡಿದರೆ ಅದರಲ್ಲಿಯೂ ಹೊಸದೊಂದು ಕಾಣುತ್ತದೆ. ಕೆಲವು ಪ್ರತಿಗಳಲ್ಲಿ ಪರ್ವತದ ಕೆಂಪಿನ ಒಳಗೆ ಹಲಗೆಯ ನಾರಿನ ನವುರಾದ ಗೆರೆಗಳು ಮೂಡಿವೆ. ಅವನ್ನು ಯಾರೂ ಬರೆಯಲಿಲ್ಲ. ಚೆರಿ ಮರವೊಂದು ತಾನು ಬೆಳೆದ ಕಾಲದ ಗುರುತನ್ನು ಬೆಟ್ಟದ ಮೈಗೆ ಒಪ್ಪಿಸಿದೆ. ಹೊಕುಸಾಯನ ಹಾಳೆಯಲ್ಲಿ ಸದ್ದಿಲ್ಲದೆ ಬಂದು ಸೇರಿದ ಮರವನ್ನೂ, ಒಂಚಿ ಬೇಕೆಂದೇ ಕರೆತಂದ ಎಲೆಯನ್ನೂ ಒಟ್ಟಿಗೆ ನೆನೆದಾಗ ಎರಡು ಶತಮಾನಗಳ ಕಲೆ ಒಂದೇ ಎಳೆಯಾಗಿ ತೋರುತ್ತದೆ.

ಒಂಚಿಗೆ ಈ ಚಿತ್ರಗಳಿಂದ ಜೀವನ ಸಾಗುತ್ತಿರಲಿಲ್ಲ. ಅವನು ಪುಸ್ತಕಗಳ ಹೊದಿಕೆಯನ್ನು ರೂಪಿಸಿ ಸಂಸಾರ ನಡೆಸಿದನು. 1939ರಿಂದ ತಿಂಗಳ ಮೊದಲ ಗುರುವಾರ ತನ್ನ ಮನೆಯಲ್ಲಿ ಅಚ್ಚುಚಿತ್ರಕಾರರನ್ನು ಸೇರಿಸಿ, ಯುದ್ಧಕಾಲದ ಅಭಾವಗಳ ನಡುವೆಯೂ ಕಲೆಯ ದೀಪ ಆರದಂತೆ ನೋಡಿಕೊಂಡನು. ಒಂದೊಂದು ಅಮೂರ್ತ ಚಿತ್ರಕ್ಕೂ ಬೆರಳೆಣಿಕೆಯಷ್ಟು ಪ್ರತಿಗಳನ್ನು ಮಾತ್ರ ತೆಗೆಯುವುದು ಅವನ ರೂಢಿಯಾಗಿತ್ತು. ಯುದ್ಧಾನಂತರ ಜಪಾನಿನಲ್ಲಿದ್ದ ಕೆಲವು ಅಮೆರಿಕನ್ನರು ಅವುಗಳ ಬೆಲೆಯನ್ನು ಅರಿತು ಸಂಗ್ರಹಿಸಿದರು. ಹೀಗಾಗಿ ಅವನ ಅನೇಕ ಉತ್ತಮ ಕೃತಿಗಳು ಬಾಸ್ಟನ್, ಷಿಕಾಗೊ ಮೊದಲಾದ ನಗರಗಳ ವಸ್ತುಸಂಗ್ರಹಾಲಯಗಳನ್ನು ಸೇರಿವೆ. 1955ರಲ್ಲಿ ಅವನು ನಿಧನನಾದನು. ಗೆಳೆಯನ ಮರಣದ ವರ್ಷದಲ್ಲಿ ತೊಡಗಿದ ಹುಡುಕಾಟವನ್ನು ಅವನು ನಲವತ್ತು ವರ್ಷಗಳ ಕಾಲ ಬಿಡದೆ ನಡೆಸಿದ್ದನು.

ತನಾಕನ ಬದುಕು ಇಪ್ಪತ್ತಮೂರು ವರ್ಷದ್ದು. ಕೆಂಪು ಫೂಜಿಯ ಬಣ್ಣ ಒಂದು ಬೆಳಗಿನದು. ಎಲೆಯ ಆಯುಸ್ಸು ಒಂದು ಋತುವಿನದು. ಇವು ಮೂರೂ ಹೋಗುವಂಥವೇ. ಹೋಗುವುದನ್ನು ಪೂರ್ತಿಯಾಗಿ ಹಿಡಿದಿಡಲು ಯಾವ ಕಲೆಗೂ ಸಾಧ್ಯವಿಲ್ಲ. ಅದರ ಗುರುತೊಂದು ಕಾಗದದ ಮೇಲೆ ಉಳಿಯುವಂತೆ ಮಾಡುವುದು ಸಾಧ್ಯ. ಆದಕಾರಣ ಅಮೂರ್ತ ಚಿತ್ರವನ್ನು ಎದುರಿಸಿದವನು "ಇದು ಏನು?" ಎಂದು ಕೇಳಿ ಸುಮ್ಮನಾಗದೆ, "ಇಲ್ಲಿ ಏನು ಉಳಿದಿದೆ? ಅದು ಉಳಿಯಲೆಂದು ಏನನ್ನು ಬಿಡಲಾಗಿದೆ?" ಎಂದು ಕೇಳುವುದು ಒಳ್ಳೆಯದು. ಈ ಪ್ರಶ್ನೆಗಳನ್ನು ಕೇಳುತ್ತ ಹಾಳೆಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತವನಿಗೆ ಚಿತ್ರವು ತಾನಾಗಿಯೇ ಬಾಗಿಲು ತೆರೆಯುತ್ತದೆ. ಅಂಥವನು ಮುಂದೊಂದು ದಿನ ದಾರಿಯಲ್ಲಿ ಬಿದ್ದ ಒಣಗಿದ ಎಲೆಯನ್ನು ಎತ್ತಿಕೊಂಡು ಅದರ ನರಗಳನ್ನು ಬೆಳಕಿಗೆ ಹಿಡಿದು ನೋಡಿದರೆ, ದೂರದ ದ್ವೀಪದೇಶದ ಕಲಾವಿದನ ಶ್ರಮ ಅವನಲ್ಲಿ ಸಾರ್ಥಕವಾದಂತೆಯೇ ಸರಿ.